ಜೂಲಿಲ್ಲದ ಸಿಂಹಿಣಿ ಯಾವ ಕುಲ?

ಹತ್ತಿರ ಬನ್ರಪ್ಪಾ, ಹತ್ತಿರ ಬನ್ರವ್ವಾ. ಹಿಂದೆ ಕೂತೋರು ಪಿಸುಪಿಸು ನಿಲ್ಲಿಸಿ. ಈ ಕಥೆ ಮೊದಲೇ ಗೋಜಲು. ನೀವೂ ಗಲಾಟೆ ಮಾಡಿದ್ರೆ ನಾನು ಎಲ್ಲಿಂದೆಲ್ಲಿಗೋ ಹೋಗಿಬಿಡ್ತೀನಿ.

ಸಮುದ್ರದಾಚೆ, ಮರಳು ಮುಗಿದು ಹುಲ್ಲು ಶುರುವಾಗೋ ಕಡೆ ಒಂದು ನಾಡಿತ್ತಂತೆ. ಹೆಸರು ಕೇಳಬೇಡಿ, ನನಗೆ ಕಥೆ ಹೇಳಿದೋರು ಹೆಸರು ಹೇಳಲಿಲ್ಲ. ಬಡಗಲಿಗೆ ಬೆಟ್ಟ, ತೆಂಕಲಿಗೆ ಬಯಲು, ನಡುವೆ ಒಂದು ಕೊಳ. ಬೆಟ್ಟದಲ್ಲೂ ಸಿಂಹ, ಬಯಲಲ್ಲೂ ಸಿಂಹ.

ಬೆಟ್ಟದ ಸಿಂಹಕ್ಕೆ ಕಪ್ಪು ಜೂಲು, ಎದೆ ದಾಟಿ ಹೊಟ್ಟೆವರೆಗೂ. ಬಯಲ ಸಿಂಹಕ್ಕೆ ತೆಳ್ಳನೆ ಜೂಲು, ಒಣಹುಲ್ಲಿನ ಬಣ್ಣ. ಆ ಜನ ಏನಂದ್ರು? ಕಪ್ಪು ಜೂಲಿನೋನು ನಮ್ಮ ಕುಲದ ಅಜ್ಜ ಅಂದ್ರು. ಅಜ್ಜ ಹಸು ಹೊತ್ಕೊಂಡು ಹೋದ್ರೂ ಕೈಮುಗಿಯೋದು. ತೆಳು ಜೂಲಿನೋನು ಕಳ್ಳ ಅಂದ್ರು. ಕಳ್ಳ ಬಂದ್ರೆ ಈಟಿ. ಕಳ್ಳನ್ನ ಹಿಡಿದೋನಿಗೆ ಹಬ್ಬದೂಟ. ಅಜ್ಜನಿಗೆ ಕೇಡು ಮಾಡಿದೋನಿಗೆ ಗಡೀಪಾರು: ಮರಳಿನ ಕಡೆ ಮುಖ ಮಾಡಿ ನಡಿ, ಯಾರೂ ಒಂದು ಗುಟುಕು ನೀರು ಕೊಡೋ ಹಾಗಿಲ್ಲ. ಜೂಲು ನೋಡಿ ಇವನು ಅಜ್ಜ, ಇವನು ಕಳ್ಳ ಅಂತ ತೀರ್ಪು ಕೊಡೋಕೆ ಒಬ್ಬ ಯಜಮಾನ, ಬಿಶಾರಾ ಅಂತ. ಅವನು ಹೇಳಿದ್ದೇ ಹೇಳಿದ್ದು.

ಆ ಊರಲ್ಲಿ ದೌಸಾ ಅಂತ ಒಬ್ಬ ದನ ಕಾಯೋನು. ಅವನ ಹೆಂಡತಿ ಕಲ್ತೂಮಾ. ಅವರ ಹಸೂನ ಒಂದು ಕಳ್ಳ ಸಿಂಹ ಎಳ್ಕೊಂಡು ಹೋಯ್ತು. ದೌಸಾಗೆ ಎಲ್ಲಿಲ್ಲದ ಸಿಟ್ಟು. ಹೆಂಡತಿಗೂ ಹೇಳದೆ ಕೊಳದ ದಾರೀಲಿ ಗುಂಡಿ ತೋಡಿ, ಮೇಲೆ ಸೊಪ್ಪು ಮುಚ್ಚಿದ. ಬೆಳಗಾದ್ರೆ ಗುಂಡಿ ಒಳಗೆ ಗುರ್ ಅಂತ ಸದ್ದು! ಊರೆಲ್ಲ ಓಡಿ ಬಂದು ಬಗ್ಗಿ ನೋಡ್ತು. ಏನಿತ್ತು ಹೇಳಿ? ಸಿಂಹಿಣಿ! ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?

ಯಜಮಾನ ಬಿಶಾರಾ ಬಂದ. ಅವಳ ಕತ್ತು ನೋಡ್ದ, ಕಣ್ಣುಜ್ಜಿ ಮತ್ತೆ ನೋಡ್ದ.

"ಜೂಲೇ ಇಲ್ವಲ್ಲ! ಹೆಂಗೆ ತೀರ್ಪು ಹೇಳಲಿ?"

"ಹೆಣ್ಣಿಗೆ ಜೂಲು ಎಲ್ಲಿಂದ ಬರಬೇಕು ಯಜಮಾನ್ರೇ?" ಅಂದಳು ಕಲ್ತೂಮಾ.

ನೋಡಿ ಎಂಥಾ ಜನ! ತಲೆತಲಾಂತರದಿಂದ ಜೂಲು ನೋಡಿ ಕುಲ ಹೇಳಿದ್ರು. ಸಿಂಹಿಣಿ ಯಾವ ಕುಲ ಅಂತ ಯಾವನೂ ಯೋಚನೆ ಮಾಡಿರಲಿಲ್ಲ. ನಗ್ತೀರಾ? ನಮ್ಮೂರ ವಂಶಾವಳೀಲಿ ಅಜ್ಜಿಯರ ಹೆಸರು ಎಷ್ಟಿದೆ, ಹೇಳಿ ನೋಡೋಣ? ಸುಮ್ನೆ ಕೇಳಿ ಮತ್ತೆ.

ಗುಂಡಿ ತೋಡಿದ್ದು ನಾನೇ ಅಂತ ದೌಸಾ ಒಪ್ಕೊಂಡ. ಅವನನ್ನ ಜಾಲಿಮರಕ್ಕೆ ಕಟ್ಟಿದ್ರು. ಅವಳು ಕಳ್ಳಿಯಾದ್ರೆ ಇವನಿಗೆ ಊಟ, ಅಜ್ಜಿಯಾದ್ರೆ ಮರಳು.

ಮೊದಲು ಬೆಟ್ಟದ ಮುದುಕ ಬಂದ. "ಎದೆ ಅಗಲ ನೋಡಿ, ಇವಳು ನಮ್ಮ ಕಡೆಯೋಳೇ," ಅಂದ. "ಹಾರ ತನ್ನಿ!" ಅಂದ ಬಿಶಾರಾ. ದೌಸಾನ ಹಗ್ಗ ಬಿಗಿ ಮಾಡಿದ್ರು.

ಆಮೇಲೆ ಬಯಲ ಬೇಟೆಗಾರ ಬಂದ. "ಕಾಲುದ್ದ ನೋಡಿ, ನಮ್ಮ ಕಡೆಯೋಳೇ," ಅಂದ. "ಈಟಿ ತನ್ನಿ!" ಅಂದ ಬಿಶಾರಾ. ಹಗ್ಗ ಸಡಿಲ ಮಾಡಿದ್ರು.

ಕೊನೆಗೆ ಸಮುದ್ರ ದಾಟಿ ನಮ್ಮ ಕಡೆಯಿಂದ ಬಂದಿದ್ದ ಬಟ್ಟೆ ವ್ಯಾಪಾರಿ ಬಗ್ಗಿ ನೋಡ್ದ. "ಹೊಟ್ಟೆ ಕೆಳಗೆ ಜೋತಾಡೋ ಚರ್ಮ ನೋಡ್ರಯ್ಯಾ! ನಮ್ಮ ಸೀಮೆ ಸಿಂಹಕ್ಕೂ ಹಿಂಗೇ ಇದೆ. ಇವಳು ನಮ್ಮೋಳು!"

"ಸಮುದ್ರ ಈಜ್ಕೊಂಡು ಬಂದಳಾ?" ಅಂದ ಬಿಶಾರಾ.

"ಅದು ನನಗೇನು ಗೊತ್ತು!"

ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು. ಹಗ್ಗ ಬಿಗೀಬೇಕಾ, ಸಡಿಲಿಸಬೇಕಾ ಯಾರಿಗೂ ತಿಳೀಲಿಲ್ಲ. ಬಿಶಾರಾ ತಲೆ ಮೊಸರುಗಡಿಗೆ ಆಯ್ತು. ನನ್ನದೂ ಆಗಿದೆ, ನಿಮ್ಮದು ಬೇರೆ ಕೇಳಬೇಕಾ?

ಆಗ ಕಲ್ತೂಮಾ ಕೂಗಿದಳು. "ಬೆಳಗಿಂದ ಅವಳು ಯಾರನ್ನೋ ಕರೀತಿದಾಳೆ. ನಿಮ್ಮ ಗದ್ದಲದಲ್ಲಿ ಒಬ್ಬರ ಕಿವಿಗಾದ್ರೂ ಬಿತ್ತಾ? ಅವಳ ಮನೆಯೋರು ಬರಲಿ. ದೂರ ಸರೀರಿ!"

ಎಲ್ಲರೂ ದೌಸಾನ ಮರದಿಂದ ಬಿಚ್ಚಿ, ಅವನ ಕೈಗೆ ಕಟ್ಟಿದ ಹಗ್ಗ ಹಿಡ್ಕೊಂಡೇ ಎತ್ತರದ ಬಂಡೆ ಹತ್ತಿದ್ರು. ಬಂಡೆ ಮೇಲೂ ಯಜಮಾನನಿಗೆ ಆಸನ ಹಾಸಿದ್ರು. ಸಿಂಹಿಣಿ ಕರೆದಳು. ಪೊದೆ ಅಲುಗಾಡ್ತು. ಮೀಸೆ ಬರೋ ವಯಸ್ಸಿನ ಎರಡು ಗಂಡುಸಿಂಹ ಹೊರಗೆ ಬಂದ್ವು, ಅವಳ ಮಕ್ಕಳು. ಒಬ್ಬನ ಕತ್ತಲ್ಲಿ ಕರೀ ಜೂಲು ಮೂಡ್ತಿದೆ. ಇನ್ನೊಬ್ಬನಿಗೆ ತೆಳ್ಳಗೆ, ಒಣಹುಲ್ಲಿನ ಬಣ್ಣ. ಇಬ್ಬರೂ ಗುಂಡಿ ಅಂಚಲ್ಲಿ ಮಲಗಿ ನರಳಿದ್ರು. ಇಬ್ಬರಿಗೂ ತಾಯಿ ಓಗೊಟ್ಟಳು.

"ಅಯ್ಯೋ ಶಿವನೇ," ಅನ್ನಬೇಕು ನಾವಾದ್ರೆ. ಅವರು ಅವರ ದೇವರನ್ನ ಕರೆದ್ರು. ಅಜ್ಜನೂ ಕಳ್ಳನೂ ಒಂದೇ ಹೊಟ್ಟೇಲಾ?

ಬಿಶಾರಾ ಗಂಟಲು ಸರಿ ಮಾಡ್ಕೊಂಡ. "ಕಪ್ಪು ಜೂಲಿನೋನ್ನ ಹೆತ್ತಿದಾಳೆ ಅಂದ್ಮೇಲೆ ಇವಳು ಅಜ್ಜಿ. ದೌಸಾ ಅಜ್ಜೀನ ಗುಂಡಿಗೆ ಕೆಡವಿದಾನೆ. ಅವನಿಗೆ ಗಡೀಪಾರು."

ಕಲ್ತೂಮಾ ಎದೆ ಬಡ್ಕೊಂಡು ಅತ್ತಳು. ಗಂಡನ ಕಡೆ ನೋಡಿದಳು, ಅವನು ತಲೆ ಎತ್ತಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಬಿಶಾರಾ ಎದುರಿಗೆ ನಿಂತಳು.

"ಆಗಲಿ, ಅಜ್ಜೀನೇ ಅನ್ನಿ. ಹಂಗಾದ್ರೆ ಆ ತೆಳು ಜೂಲಿನೋನು ಯಾರು? ಅಜ್ಜನ ಒಡಹುಟ್ಟಿದೋನು ಅಲ್ವಾ? ಇಷ್ಟು ವರ್ಷ ಈಟಿ ಹಾಕಿ ಕೊಂದದ್ದು ಯಾರನ್ನ? ನನ್ನ ಗಂಡ ಗುಂಡಿಗೆ ಕೆಡವಿದ, ತಪ್ಪು. ಜೀವ ತೆಗೀಲಿಲ್ಲ. ಯಜಮಾನ್ರೇ, ನೀವು ಕೂತಿರೋದು ಯಾರ ಚರ್ಮದ ಮೇಲೆ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗೇ ಆಯ್ತು. ಒಬ್ಬ ಕೊರಳಲ್ಲಿದ್ದ ಸಿಂಹದ ಉಗುರು ಮುಟ್ಟಿಕೊಂಡ. ಒಬ್ಬ ಸೊಂಟಕ್ಕೆ ಸುತ್ತಿದ್ದ ಬಾಲ ಮುಟ್ಟಿಕೊಂಡ. ಬಿಶಾರಾ ಮೆಲ್ಲಗೆ ತೊಡೆ ಕೆಳಗೆ ಕೈ ಆಡಿಸ್ದ. ತೆಳ್ಳನೆ ಜೂಲು ಕೈಗೆ ಸಿಕ್ತು. ಎದ್ದುಬಿಟ್ಟ.

"ಮರಳಿಗೆ ಹೋಗೋದಾದ್ರೆ ನಾನೇ ಮುಂದೆ ನಡೀಬೇಕು," ಅಂದ. ಅವನ ಮೋರೆ ನೋಡೋಕಾಗ್ತಿರಲಿಲ್ಲ. ತಾನೇ ಬಂದು ದೌಸಾನ ಹಗ್ಗ ಬಿಚ್ಚಿದ.

ಆ ಎರಡು ಗಂಡುಸಿಂಹ ನೀರಿಗೆ ಹೋದಾಗ ಊರೋರು ಗುಂಡಿಗೆ ಒಂದು ಮರದ ದಿಮ್ಮಿ ಇಳಿಬಿಟ್ಟು ಬಂಡೆಗೆ ಓಡಿ ಬಂದ್ರು. ಸಿಂಹಿಣಿ ಹತ್ತಿ ಬಂದಳು. ಬಡಗಲಿಗೆ ಹೋಗ್ತಾಳಾ, ತೆಂಕಲಿಗೆ ಹೋಗ್ತಾಳಾ ಅಂತ ಊರಿಗೂರೇ ಕತ್ತು ಚಾಚಿತು. ಅವಳು ಕೊಳಕ್ಕೆ ಹೋಗಿ ನೀರು ಕುಡಿದು, ಮಕ್ಕಳ ಮೈ ನೆಕ್ಕಿ, ಅಲ್ಲೇ ನೆರಳಲ್ಲಿ ಮಲಗಿಬಿಟ್ಟಳು.

ಸಂಜೆ ತಾಯಿ ಮಕ್ಕಳು ಎದ್ದುಹೋದ ಮೇಲೆ ಬಿಶಾರಾ ಆ ಚರ್ಮ ಮಡಿಚಿ ಎದೆಗವಚಿಕೊಂಡು ಬಂದ. ಬೆಟ್ಟದಲ್ಲಿ ಹೂಳೋದಾ, ಬಯಲಲ್ಲಿ ಹೂಳೋದಾ? ಮತ್ತೆ ಶುರುವಾಯ್ತು ಜಗಳ! ಕಲ್ತೂಮಾ ಮುಂದೆ ಬಂದಳು. ಗಂಡನ ಕೈಗೆ ಗುದ್ದಲಿ ಕೊಟ್ಟು ಗುಂಡಿ ತೋರಿಸಿದಳು. ಬಿಶಾರಾ ಚರ್ಮ ಇಳಿಸಿದ. ಒಬ್ಬ ಉಗುರು ಬಿಚ್ಚಿ ಹಾಕ್ದ, ಒಬ್ಬ ಬಾಲ ಬಿಚ್ಚಿ ಹಾಕ್ದ. ಕೊರಳು ಬರಿದಾಗದ ಗಂಡಸು ಆ ಊರಲ್ಲಿ ಉಳೀಲಿಲ್ಲ. ದೌಸಾ ಮಣ್ಣೆಳೆದ.

ಆ ಮಣ್ಣಿನ ಮೇಲೆ ಹುಲ್ಲು ಬಂತು, ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಯಾರಾದ್ರೂ ಒಂದು ಚೊಂಬು ನೀರು ಕೊಡಿ, ಕಥೆ ಮುಗೀತು.