ಬೆಳಕಿಗೆ ಮೊದಲೇ ಗೊತ್ತಿತ್ತೇ?

ಅಧ್ಯಕ್ಷತೆ ವಹಿಸಿರುವ ನಿರ್ದೇಶಕರೇ, ವೇದಿಕೆಯ ಮೇಲಿನ ಹಿರಿಯರೇ, ಕಾಫಿಯ ವಾಸನೆ ಬಂದರೂ ಎದ್ದುಹೋಗದ ಸಹೃದಯ ಸಭಿಕರೇ,

ನನ್ನ ನಿವೃತ್ತಿಯ ದಿನ ಮಾತು ಚಿಕ್ಕದಿರಲಿ ಎಂದು ಮುಂದಿನ ಸಾಲಿನಲ್ಲಿ ಕೂತ ನಮ್ಮ ಯಜಮಾನರು ಎಚ್ಚರಿಸಿದ್ದಾರೆ. ಭೌತಶಾಸ್ತ್ರದಲ್ಲಿ ಅವರು ಸಿದ್ಧಾಂತದವರು, ಕಾಗದ ಪೆನ್ನಿದ್ದರೆ ಸಾಕು. ನಾನು ಪ್ರಯೋಗದವಳು, ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಬಾಯಿಯೂ ಓಡುವುದಿಲ್ಲ.

ನಾವಿಬ್ಬರೂ ಸೇರಿ ಮಾಡಿದ್ದೇನು? ಬೆಳಕಿನ ಕಣಗಳನ್ನು ಒಂದೊಂದಾಗಿ ಅರೆಗನ್ನಡಿಯತ್ತ, ಅಂದರೆ ಅರ್ಧ ಬೆಳಕನ್ನು ಹಾಯಲು ಬಿಟ್ಟು ಅರ್ಧವನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿಯತ್ತ, ಬಿಡುತ್ತಿದ್ದೆವು. ಅಲ್ಲಿಂದ ಎರಡು ದಾರಿ. ಕೊನೆಯಲ್ಲಿ ಇನ್ನೊಂದು ಅರೆಗನ್ನಡಿ ಇಟ್ಟರೆ, ಬೆಳಕು ಎರಡೂ ದಾರಿಯಲ್ಲಿ ಬಂದ ಅಲೆಯಂತೆ ಕಾಣುತ್ತದೆ. ಇಡದಿದ್ದರೆ, ಒಂದೇ ದಾರಿ ಹಿಡಿದ ಕಣದಂತೆ. ಇಡುವುದೋ ಬಿಡುವುದೋ ಎಂದು ಒಂದು ಯಂತ್ರ ನಾಣ್ಯ ಚಿಮ್ಮಿದಂತೆ ತೀರ್ಮಾನಿಸುತ್ತದೆ, ಅದೂ ಬೆಳಕು ಮೊದಲ ಕನ್ನಡಿ ದಾಟಿದ ಮೇಲೆ! ಹಾಗಾದರೆ ಆಮೇಲಿನ ತೀರ್ಮಾನ ಮೊದಲು ನಡೆದದ್ದನ್ನು ತಿದ್ದಿತೇ? ಹಾಗೇನೂ ಇಲ್ಲ ಎಂದು ಬಹುತೇಕರ ಅಭಿಪ್ರಾಯ. ನಮ್ಮವರು ಒಪ್ಪಲಿಲ್ಲ. ತಿದ್ದುವುದೇ ನಿಜವಾದರೆ ಬೆಳಕು ಹೊರಡುವಲ್ಲೇ ಅದರ ಸುಳಿವು ಸಿಗಬೇಕು, ಹುಡುಕೋಣ ಎಂದರು.

ನಮ್ಮ ಮಗಳು ಪುಟ್ಟಿ ಕಾಯಿಲೆಯಿಂದ ತೀರಿಕೊಂಡ ಮರುವರ್ಷ ಅವರು ಈ ಪ್ರಶ್ನೆ ಹಿಡಿದದ್ದು. ಇನ್ನೊಂದು ವಾರ ನೋಡೋಣ, ಆಮೇಲೆ ಆಸ್ಪತ್ರೆಗೆ ಸೇರಿಸೋಣ ಎಂದು ಅಂದು ಹೇಳಿದವರು ಅವರು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಕಾಲದ ಲೆಕ್ಕಕ್ಕಾಗಿ ಹೇಳಿದೆ, ಅಷ್ಟೆ.

ಸುಳಿವು ಸಿಕ್ಕಿತು! ಯಂತ್ರ ಮುಂದೆ 'ಇಡು' ಎನ್ನಲಿರುವಾಗ, ಹೊರಡುವ ಬೆಳಕು ಮೊದಲೇ ತುಸು ಹೆಚ್ಚಾಗಿರುತ್ತಿತ್ತು. ಯಜಮಾನರು ಮಗುವಿನಂತೆ ಕುಣಿದರು. ಇದನ್ನು ಸಾರುವ ಉಪನ್ಯಾಸವೂ ನಿಗದಿಯಾಯಿತು, ದೂರದೂರದಿಂದ ವಿದ್ವಾಂಸರು ಹೊರಟರು.

"ನನಗೆ ನಂಬಿಕೆ ಬರ್ತಿಲ್ಲ ರೀ," ಎಂದೆ.

"ನಿನಗೆ ಬೇಡವಾಗಿದೆ, ಅದಕ್ಕೆ," ಎಂದರು.

ಆಮೇಲೆ ಮನೆಯಲ್ಲಿ ಉಪ್ಪು ಬೇಕಾದರೂ ಕೈಸನ್ನೆ. ನಾನು ಮೇಜಿನ ಮೇಲಿದ್ದದ್ದನ್ನೆಲ್ಲ ಬಿಚ್ಚಿದೆ. ಕಾರಣ ತೀರಾ ಸಪ್ಪೆಯಾಗಿತ್ತು. ಬೆಳಕಿನ ಮೂಲಕ್ಕೂ ತೀರ್ಮಾನದ ಯಂತ್ರಕ್ಕೂ ಒಂದೇ ಪೆಟ್ಟಿಗೆಯಿಂದ ವಿದ್ಯುತ್ ಹೋಗುತ್ತಿತ್ತು. ವಿದ್ಯುತ್ ಕೊಂಚ ಏರಿದರೆ ಬೆಳಕೂ ಏರುತ್ತಿತ್ತು, ಯಂತ್ರವೂ 'ಇಡು' ಕಡೆಗೆ ವಾಲುತ್ತಿತ್ತು. ನಾಳೆಯಿಂದ ಯಾರೂ ಹಿಂದಕ್ಕೆ ಕೈ ಚಾಚಿರಲಿಲ್ಲ.

ಅವರನ್ನು ಕರೆದೆ. ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆ ಜೋಡಿಸಿದೆ. ಅಲೆ, ಕಣ ಎಲ್ಲ ಎಂದಿನಂತೆ ಬಂತು, ಸುಳಿವು ಮಾತ್ರ ಮಾಯ. ಅವರು ಪರದೆಯನ್ನೇ ನೋಡುತ್ತಾ ನಿಂತರು.

"ಹಿಂದಕ್ಕೆ ಏನೂ ತಲುಪಲ್ಲ, ಅಲ್ವಾ?"

"ಇಲ್ಲ ರೀ."

ಉಪನ್ಯಾಸ ರದ್ದು ಮಾಡಿ ಎಂದು ಎಲ್ಲರೂ ಹೇಳಿದರು. ಅವರು ಮಾಡಲಿಲ್ಲ. ತುಂಬಿದ ಸಭೆಯಲ್ಲಿ ಎದ್ದು, "ನಾನು ಕಂಡೆ ಅಂದುಕೊಂಡದ್ದು ಇಲ್ಲ. ಏಕೆ ಇಲ್ಲ ಎಂದು ನನ್ನ ಹೆಂಡತಿ ವಿವರಿಸುತ್ತಾರೆ," ಎಂದು ಬಂದು ಕೂತರು. ನಾನು ಎದ್ದು ಹೋಗಿ ವಿವರಿಸಿದೆ. ಇಂದು ನೀವು ನನ್ನ ಹೆಸರಿನ ಜೊತೆ ಹೇಳುವ ಪ್ರಯೋಗ ಅದೇ.

ಸಭೆ ಮುಗಿಸಿ ಇಬ್ಬರೂ ನಡೆದೇ ಮನೆಗೆ ಹೊರಟೆವು. ದಾರಿಯಲ್ಲಿ ಅವರು, "ಪುಟ್ಟಿ ಇದ್ದಿದ್ದರೆ ನಿನ್ನ ಪಕ್ಷಾನೇ ಹಿಡೀತಿದ್ಲು," ಎಂದರು. ಅವಳು ಹೋದ ಮೇಲೆ ಅವರ ಬಾಯಲ್ಲಿ ಅವಳ ಹೆಸರು ಕೇಳಿದ್ದು ಅದೇ ಮೊದಲು. ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತು ಇಬ್ಬರೂ ಅತ್ತೆವು.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಕ್ಷಮಿಸಿ. ಕೇಳಿದಿರಿ, ಉಪಕಾರವಾಯಿತು. ನಿಮಗೆಲ್ಲರಿಗೂ ನಮಸ್ಕಾರ.