ಕುರ್ಚಿ ಮೂರು, ಯಾರು ಏಳಬೇಕು?

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ನಮ್ಮನ್ನಗಲಿದ ಬಾಳಕೃಷ್ಣ ಸರ್ ಅವರ ಪತ್ನಿ ಪದ್ಮಾಬಾಯಿ ಅವರೇ, ಮಗಳು ಶ್ರದ್ಧಾ, ಹಾವೇರಿ, ಬ್ಯಾಡಗಿಯಿಂದ ಬಂದ ಹಳೆಯ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ನಾನು ಹೀನಾ, ರಾಣೆಬೆನ್ನೂರಿನ ಇದೇ ಕಾಲೇಜಿನಲ್ಲಿ ಗಣಿತ ಕಲಿಸುವವಳು. ಸ್ಟಾಫ್ ರೂಮಿನಲ್ಲಿ, ಕಂಪ್ಯೂಟರ್ ಕಲಿಸುತ್ತಿದ್ದ ನಮ್ಮ ಬಾಳಕೃಷ್ಣ ಸರ್ ಪಕ್ಕದ ಕುರ್ಚಿ ನನ್ನದು. ಅಳಬಾರದು ಅಂತ ಮನೆಯಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದೇನೆ — ನೋಡೋಣ.

ಇಲ್ಲಿ ಮೂರು ಕುರ್ಚಿ ಇಟ್ಟಿದ್ದೇವೆ. ನಡುವಿನದರ ಮೇಲೆ ಸರ್ ಫೋಟೊ. ಯಾಕೆ ಅಂತ ಅವರ ಹತ್ತಿರ ಕಲಿತವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಕಡಿಮೆ, ಕೆಲಸ ಹೆಚ್ಚು. ಕೆಲಸದ ತುಣುಕುಗಳಿಗೆ ಪುಟ ಅನ್ನುತ್ತಾರೆ. ಹೊಸ ಪುಟ ಒಳಗೆ ಬರಬೇಕೆಂದರೆ ಒಳಗಿದ್ದ ಒಂದು ಹೊರಗೆ ಹೋಗಬೇಕು. ಯಾವುದು? ಸರ್ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ. ಮೂರು ಕುರ್ಚಿ ಹಾಕಿ, ಮೂವರನ್ನು ಕೂಡಿಸಿ, ನಾಲ್ಕನೆಯವರನ್ನು ಕರೆದು ಕೇಳುತ್ತಿದ್ದರು — "ಹೇಳ್ರಿ, ಯಾರು ಏಳಬೇಕು?"

ಒಂದು ಸಲ ಪ್ರಾಂಶುಪಾಲರು ಪಾಠ ನೋಡಲು ಬಂದು ಮೊದಲ ಕುರ್ಚಿಯಲ್ಲೇ ಕುಳಿತುಬಿಟ್ಟರು — ನಗಬೇಡಿ ಸರ್, ನೀವೇ. ನಾಲ್ಕನೆಯ ಹುಡುಗ ಬಂದ. ಕ್ಲಾಸಿನವರೆಲ್ಲ ಕೂಗಿದರು — "ಮೊದಲು ಬಂದವರು ಮೊದಲು ಹೊರಗ. ಸರ, ಏಳ್ರಿ!" ಪಾಪ, ಎದ್ದರು. ಸ್ವಲ್ಪ ಹೊತ್ತಿಗೆ ಜವಾನ ಸೋಮಪ್ಪ ಸಹಿ ಬೇಕೆಂದು ಅವರನ್ನೇ ಹುಡುಕುತ್ತ ಬಂದ. "ನೋಡ್ರಿ, ಬೇಕಾದವರನ್ನ ಎಬ್ಬಿಸಿ ಕುಂತೇವಿ!" ಎಂದು ಸರ್ ಚಪ್ಪಾಳೆ ತಟ್ಟಿ ನಕ್ಕರು.

ಹಾಗಾದರೆ ಬಹಳ ಹೊತ್ತಿನಿಂದ ಯಾರೂ ಕರೆಯದವರನ್ನು ಎಬ್ಬಿಸೋಣ ಅಂತ ಹುಡುಗರು ಅನ್ನುತ್ತಿದ್ದರು. ನಾವೂ ಸ್ಟಾಫ್ ಮೀಟಿಂಗಿನಲ್ಲಿ ಹಾಗೇ ಅಂದೆವು. ಲ್ಯಾಬಿನಲ್ಲಿ ಕಂಪ್ಯೂಟರ್ ಕಡಿಮೆ, ಕಾಯುವವರು ಹೆಚ್ಚು. ಬ್ಯಾಡಗಿಯ ಪ್ರಿಯಾಂಕಾ ಅನ್ನುವ ಹುಡುಗಿ ಬಹಳ ದಿನ ಕಾಣಿಸಿರಲಿಲ್ಲ. ಅವಳ ಸೀಟು ಬೇರೆಯವರಿಗೆ ಕೊಡುವ ಮಾತಾಯಿತು. ಸೀಟು ಹೋದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

"ತಡೀರಿ" ಅಂದರು ಸರ್. ಮರುದಿನ ಬಸ್ಸು ಹತ್ತಿ ಬ್ಯಾಡಗಿಗೆ ಹೋದರು. ಅವಳ ತಾಯಿ ರೇಣುಕವ್ವನ ಕೈ ಮುರಿದಿತ್ತು. ತಾಯಿಯ ಬದಲು ಮಗಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಬರ್ತಿಯೇನವಾ ಮತ್ತ?"

"ಬರ್ತೇನ್ರಿ ಸರ. ಅವ್ವನ ಕೈ ಒಂದು ಕೂಡ್ಲಿ."

ಅಷ್ಟೇ ಮಾತು. ಖಾರದ ಘಾಟಿಗೆ ಸೀನುತ್ತಲೇ ವಾಪಸ್ ಬಂದರು, ಸೀನುತ್ತಲೇ ನಮ್ಮೆದುರು ನಿಂತರು — "ಬಂದಿಲ್ಲ ಅನ್ನೋದು ಹಿಂದಿನ ಮಾತು. ಮುಂದ ಆಕಿ ಬೇಕಾಗ್ತಾಳೋ ಇಲ್ಲೋ, ನಿಮಗ ಗೊತ್ತೈತೇನ್ರಿ? ಕಂಪ್ಯೂಟರಿಗೂ ಗೊತ್ತಿಲ್ಲ! ಅದಕ್ಕ ಎಬ್ಬಿಸೋ ಮೊದಲು, ನಡುವ ಯಾರರ ಕರೆದಾರೇನು ಅಂತ ನೋಡ್ತೈತಿ. ಕರೆದಿದ್ರ ಇನ್ನೊಂದು ಸುತ್ತು ಬಿಡ್ತೈತಿ. ನಾ ಈಗ ಹೋಗಿ ಕರೆದು ಬಂದೇನಿ! ಬಿಡ್ರಿ ಒಂದು ಸುತ್ತು."

ಬಿಟ್ಟೆವು. ಪ್ರಿಯಾಂಕಾ ಬಂದಳು, ಕಲಿತಳು, ಎಂಎಸ್ಸಿ ಮುಗಿಸಿದಳು. ಅಗೋ, ಎರಡನೇ ಸಾಲಿನಲ್ಲಿ ರೇಣುಕವ್ವನ ಪಕ್ಕ ಕುಳಿತಿದ್ದಾಳೆ. ಸೋಮವಾರದಿಂದ ಸರ್ ಅವರ ಕ್ಲಾಸು ಅವಳದು — ಅಳಬ್ಯಾಡವಾ, ನೀ ಅತ್ರ ನಾನೂ ಅಳ್ತೇನಿ.

ಅಕ್ಕಾರೇ, ಪದ್ಮಾಬಾಯಿ ಅಕ್ಕಾರೇ — ಸರ್ ಇಲ್ಲದ ಸ್ಟಾಫ್ ರೂಮಿಗೆ ಹೋಗಲು ನನಗೆ ಕಾಲೇ ಬರುತ್ತಿಲ್ಲ. ಆದರೆ ಸೋಮವಾರ ಆ ಕ್ಲಾಸಿನಲ್ಲಿ ಮತ್ತೆ ಮೂರು ಕುರ್ಚಿ ಹಾಕುತ್ತಾರೆ. ಅದನ್ನು ನೋಡಲಿಕ್ಕಾದರೂ ನಾನು ಹೋಗುತ್ತೇನೆ. ನೀವೂ ಬನ್ನಿ.

ಕೊನೆಗೆ ಅವರದೇ ಪ್ರಶ್ನೆ. ನಡುವಿನ ಈ ಕುರ್ಚಿಯಿಂದ ಸರ್ ಅವರನ್ನು ಎಬ್ಬಿಸುವುದು ನಮ್ಮ ಯಾರಿಂದಲೂ ಆಗದು. ಹಾಗಾದರೆ ಹೇಳ್ರಿ — ಇವತ್ತು ಯಾರು ಏಳಬೇಕು?

ನಾವು. ನಾವೆಲ್ಲರೂ. ದಯವಿಟ್ಟು ಎದ್ದು ನಿಲ್ಲೋಣ. ಒಂದೆರಡು ನಿಮಿಷ ಯಾರೂ ಮಾತಾಡುವುದು ಬೇಡ.