ಹಳೇ ಸರ್ವರ್‌ಗೆ ಹೊಸ ಮಾತು

ರೋಣದ ಬಸ್ ನಿಲ್ದಾಣದಲ್ಲಿ ನರಗುಂದದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೂತ ರಾಜರತ್ನ ಮತ್ತು ಭಾರತಿ ನೇಕಾರರ ಸೀರೆ ಮಾರುವ ವೆಬ್‌ಸೈಟ್ ನೋಡಿಕೊಳ್ಳುವವರೆಂದು ಅವರ ಮಾತಿನಿಂದಲೇ ತಿಳಿಯಿತು.

“ಹಬ್ಬದ ಆರ್ಡರ್ ಅರ್ಧ ಹಾಳಾದ್ವು, ಭಾರತಿ. ನೇಕಾರ ಮಂದಿ ಸೀರಿ ಇಟಗೊಂಡು ಕುಂತಾರ,” ಎಂದ ರಾಜರತ್ನ.

“ಗೊತ್ತೈತ್ರಿ. ಅದರಾಗ ನಮ್ಮವ್ವ ನೇದ ಸೀರಿನೂ ಅದಾವ.”

“ಕಂಪ್ಯೂಟರ್ ಮಾತಾಡೂ ಹೊಸ ಪ್ರೊಟೊಕಾಲ್ ಹಾಕಿದ್ರ ಸೈಟ್ ಲಗೂ ತೆರಿತೈತಿ ಅಂತ ಸಾಹೇಬ್ರು ಹಟ ಹಿಡಿದ್ರು. ಹಾಕಿದ ಮ್ಯಾಲ ಅರ್ಧ ಗಿರಾಕಿಗೆ ಸೈಟ್ ತೆರೀಲೇ ಇಲ್ಲ.”

“ಸೈಟ್ ಹಿಂದ ಕೆಲಸ ಮಾಡೂ ಸರ್ವರ್‌ನ್ಯಾಗ ಅರ್ಧ ಹಳೇವು, ಅವಕ್ಕ ಹೊಸದು ತಿಳಿಯೂದಿಲ್ಲ ಅಂತ ನಾ ಹೇಳಿದ್ದೆ. ನಡುವ ನಿಂತು ಕೆಲಸ ಹಂಚೂ ಲೋಡ್ ಬ್ಯಾಲೆನ್ಸರ್ ಗಿರಾಕಿ ಜೋಡಿ ಹೊಸದರಾಗ ಮಾತಾಡ್ಲಿ, ಸರ್ವರ್ ಜೋಡಿ ಹಳೇದರಾಗ ಮಾತಾಡ್ಲಿ ಅಂದಿದ್ದೆ.”

“ಖರೇ, ಹೇಳಿದ್ದಿ.”

“ನೀವೂ ಅಲ್ಲೇ ಕುಂತಿದ್ರಿ, ಅಣ್ಣಾ.”

“ಕುಂತಿದ್ದೆ.”

“ಮತ್ತ ನಿನ್ನೆ ಸಾಹೇಬ್ರು, ತಪ್ಪು ಭಾರತೀದು, ಆಕಿ ಇನ್ನ ಕೆಲಸಕ್ಕ ಬರೂದು ಬ್ಯಾಡ ಅಂದಾಗ ಯಾಕ ಸುಮ್ನಿದ್ರಿ?”

“ನನಗೂ ಮನಿ ಮಕ್ಕಳು ಅದಾರವಾ.”

“ನನಗ ಯಾರೂ ಇಲ್ಲೇನ್ರಿ?”

“ಮುಂಜಾನಿ ಎಲ್ಲಾ ಸರಿ ಮಾಡೀನಿ. ಈಗ ಸೈಟ್ ಚಲೋ ನಡದೈತಿ.”

“ಹ್ಯಾಂಗ ಮಾಡಿದ್ರಿ?”

“ನೀ ಹೇಳಿದಂಗ.”

“ಸಾಹೇಬ್ರಿಗೆ ಅದನ್ನ ಹೇಳಿದ್ರೇನು?”

“ಅವರು ನನಗ ಶಾಬಾಶ್ ಅಂದ್ರು. ಆಮ್ಯಾಲ ಹ್ಯಾಂಗ ಹೇಳ್ಲಿ, ತಂಗಿ?”

ಗಜೇಂದ್ರಗಡದ ಬಸ್ ಬಂತು. ಅವಳ ಚೀಲ ಎತ್ತಿಕೊಡಲು ಅವನು ಬಗ್ಗಿದ.

“ಅದನ್ನರ ನನಗ ಬಿಡ್ರಿ,” ಎಂದು ಭಾರತಿ ಚೀಲವನ್ನು ಕಸಿದುಕೊಂಡು ಬಸ್ ಹತ್ತಿದಳು. ರಾಜರತ್ನ ಆಫೀಸಿನ ಕಡೆ ನಡೆದ.